ತಕ್ಕಡಿಯಲ್ಲಿ ಕೂತ ಕೋತಿ

ಅಶೋಕಪುರಂನ ಬೀದಿಯವರು ಸತ್ತ ಕೋತಿಗೆ ಹಾರ ಹಾಕಿ ಗುಂಡಿ ತೋಡಿದ್ದರು. ಮೈಗಾತ್ರಕ್ಕೆ ತಕ್ಕಂತೆ ಕೋತಿಗಳ ತಲೆಬುರುಡೆ ಹೇಗೆ ಬದಲಾಗುತ್ತದೆಂದು ಸಂಶೋಧಿಸುವ ವಿನೀತಾ ಓಡಿ ಬಂದಳು. ಅವಳಲ್ಲಿದ್ದ ಬುರುಡೆಗಳಲ್ಲಿ ಒಂದರದೂ ಬದುಕಿದ್ದಾಗಿನ ತೂಕ ಗೊತ್ತಿರಲಿಲ್ಲ. ಈ ಕೋತಿಯನ್ನಾದರೋ ತರಕಾರಿ ಮಾರುವ ಶಿವನಂಜಮ್ಮ ಪ್ರತಿ ಶನಿವಾರ ತಕ್ಕಡಿಯಲ್ಲಿ ಕೂರಿಸಿ, ಬಾಳೆಹಣ್ಣಿನಿಂದ ತುಲಾಭಾರ ಮಾಡುತ್ತಿದ್ದರು.

“ಅಮ್ಮಾ, ಎರಡು ವರ್ಷ ಆದ್ಮೇಲೆ ಅಗೆದು ಬುರುಡೆ ಮಾತ್ರ ತಗೋತೀನಿ.”

“ನಿಮ್ಮಪ್ಪನ ಗೋರಿನೂ ಇಂಗೇ ಅಗೆದ್ಬುಟ್ಟು ಅಳೆದ್ಯೇನವ್ವ?” ಎಂದರು ಶಿವನಂಜಮ್ಮ.

ಸುತ್ತಲಿನವರು ಕಿಸಕ್ಕನೆ ನಕ್ಕರು. ವಿನೀತಾಳ ಮುಖ ಕಪ್ಪಿಟ್ಟಿತು.

“ಹೋಗ್ಲಿ, ತೂಕನಾದ್ರೂ ಹೇಳಿ.”

“ನಾನು ತೂಗಿದ್ದು ಹರಕೆಗೆ ಕಣಮ್ಮ, ನಿನ್ನ ಪುಸ್ತಕಕ್ಕಲ್ಲ. ನಡಿ ಆಚೆ!”

ಶಿವನಂಜಮ್ಮ ತಕ್ಕಡಿಯನ್ನೇ ಗುಂಡಿಗಿಳಿಸಿ, ಶನಿವಾರದಂತೆ ಕೋತಿಯನ್ನು ಅದರ ತಟ್ಟೆಯಲ್ಲಿ ಕೂರಿಸಿ, ವಿನೀತಾಳನ್ನೇ ನೋಡುತ್ತ ಮೊದಲ ಹಿಡಿ ಮಣ್ಣು ಹಾಕಿದರು.