ಮುನಿರತ್ನಮ್ಮನ ಹನ್ನೊಂದು ಸೆಕೆಂಡು

ಮೈಕು ಕುಂಯ್ ಎಂದಿತು, ಬಾಯಿಂದ ಒಂದಿಷ್ಟು ದೂರ ಹಿಡಿಯಬೇಕು, ಹದಿನಾಲ್ಕು ವರ್ಷ ರೇಡಿಯೋದಲ್ಲಿ ಮಾತಾಡಿದ ಭಾರತಮ್ಮನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೆ ಅಲ್ಲಿ ಎದುರಿಗೆ ಗಾಜಿತ್ತು, ಜನ ಇರಲಿಲ್ಲ, ಇಲ್ಲಿ ಮಾಲೂರಿನಾಚೆಯ ಈ ಊರಿನಲ್ಲಿ ಜೀಪಿನ ಸುತ್ತ ಜನವೋ ಜನ — ಮುಖ ನೋಡಿ ಯಾರೂ ಗುರುತು ಹಿಡಿಯಲಿಲ್ಲ, ನಮಸ್ಕಾರ ಎಂದದ್ದೇ ತಡ, ಅಯ್ಯೋ, ರೇಡಿಯೋ ಅಮ್ಮ ಕಣೇ, ಎಂದು ಒಬ್ಬಳು ಇನ್ನೊಬ್ಬಳನ್ನು ತಿವಿದಳು. ಪಕ್ಕದಲ್ಲಿ ಕೋದಂಡರಾಮಪ್ಪ ಮೀಸೆಯಡಿ ನಕ್ಕರು, ನೋಡಿದ್ರಾ ಮೇಡಂ, ಆ ದನಿ ಒಂದೇ ಸಾಕು, ಜಿಲ್ಲಾ ಪರಿಷತ್ ಸೀಟು ನಮ್ದೇ — ಟಿಕೆಟ್ ಕೊಡಿಸಿದವರು ಅವರು, ಜೀಪು ಅವರದು, ರಸ್ತೆಯುದ್ದಕ್ಕೂ ಹೊಗೆಯಾಡುವ ಇಟ್ಟಿಗೆ ಗೂಡುಗಳೂ ಅವರವೇ, ಆ ಗೂಡು, ಬೇಡ, ಈಗ ಬೇಡ ಅದು, ಆದರೆ ಬೈರಮ್ಮ ಬರುತ್ತಿದ್ದಾಳಲ್ಲ, ಜನರನ್ನು ಸರಿಸಿಕೊಂಡು, ಅವಳೇ, ಕೂದಲು ಪೂರಾ ಬೆಳ್ಳಗಾಗಿದೆ.

ನಾಲ್ಕು ವರ್ಷದ ಹಿಂದೆ ಕೂಲಿ ಹೆಂಗಸರ ಕಾರ್ಯಕ್ರಮಕ್ಕೆಂದು ಇದೇ ಊರಲ್ಲಿ ಅವಳನ್ನು ಮಾತಾಡಿಸಿದ್ದು, ಗೂಡಿನ ಗೋಡೆ ಬಿದ್ದು ನನ್ ಮಗಳು ಮುನಿರತ್ನ ಸತ್ತೋದ್ಲು ಕಣಮ್ಮ, ಬೀಳ್ತೈತೆ ಅಂದ್ರೂ ಆ ಕೋದಂಡರಾಮಪ್ಪ ಒಳಕ್ಕೆ ಕಳಿಸ್ದ — ಹನ್ನೊಂದು ಸೆಕೆಂಡು, ಭಾರತಮ್ಮ ಬ್ಲೇಡಿನಿಂದ ಅಷ್ಟು ಟೇಪು ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಅಂಟಿಸಿದ್ದಳು, ಕತ್ತರಿಸು ಎಂದು ಯಾರೂ ಹೇಳಿರಲಿಲ್ಲ, ಹೇಳಿದ್ದರೆ ಈಗ ಬೈಯುವುದಕ್ಕಾದರೂ ಒಬ್ಬರಿರುತ್ತಿದ್ದರು, ತಾನೇ ಹೆದರಿದ್ದು, ದೊಡ್ಡವರ ಹೆಸರು, ನಾಳೆ ಕೆಲಸಕ್ಕೆ ಸಂಚಕಾರ ಬಂದರೆ ಎಂದು, ಆಮೇಲೆ ಅದೇ ದೊಡ್ಡವರು ಟಿಕೆಟ್ ಎಂದಾಗ, ಗೆದ್ದರೆ ಗೂಡಿನ ಹೆಂಗಸರಿಗೆ ಏನಾದರೂ ಮಾಡಬಹುದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡದ್ದು, ಥೂ, ನಾಚಿಕೆಗೇಡು. ಬೈರಮ್ಮ ಬೈಯಲಿ, ಹಿಡಿ ಮಣ್ಣು ತೂರಲಿ, ತೂರಿದರೆ ಎದೆ ಹಗುರಾದೀತು.

ಬೈಯಲಿಲ್ಲ, ಕೈ ಹಿಡಿದುಕೊಂಡಳು, ಅವತ್ತು ಊರೆಲ್ಲ ರೇಡಿಯೋ ಮುಂದೆ ಕೂತಿತ್ತಮ್ಮ, ನನ್ ಮುನಿರತ್ನನ ಸುದ್ದಿ ಬರೋ ಹೊತ್ಗೆ ನಮ್ಮ ಹಾಳು ಡಬ್ಬ ಕೈ ಕೊಡ್ತೇನೋ, ಅದೊಂದೇ ಕೇಳಿಸ್ಲಿಲ್ಲ — ಡಬ್ಬದ ತಪ್ಪಂತೆ, ದೇವರೇ — ನನ್ ಓಟು ನಿಂಗೇ ಕಣಮ್ಮ, ಈಗ ಮೈಕ್ ಐತಲ್ಲ, ಅವತ್ತಿನ್ ಮಾತು ಇನ್ನೊಂದ್ಸಾರಿ ಹೇಳ್ಬಿಡು, ಅವನೂ ಇಲ್ಲೇ ಅವ್ನೆ, ಕೇಳಿಸ್ಕೊಳ್ಳಲಿ. ಮೇಡಂ, ಹೊತ್ತಾಯ್ತು, ಮುಂದಿನೂರಲ್ಲಿ ಜನ ಕಾಯ್ತಾವ್ರೆ, ಕೋದಂಡರಾಮಪ್ಪನ ದನಿ ಮೆತ್ತಗಿದೆ, ಹೇಳು, ಹೇಳಿಬಿಡು ಭಾರತಮ್ಮ ಎಂದು ತನಗೆ ತಾನೇ, ಡ್ರೈವರ್ ಗೇರು ಹಾಕಿದ, ಬೈರಮ್ಮ ಸೆರಗು ಹಿಂದಕ್ಕೆ ತಳ್ಳಿ ಕಿವಿಯನ್ನು ಇತ್ತ ಒಡ್ಡಿದ್ದಾಳೆ, ಓಲೆಯಿಲ್ಲದ ಬರಿಗಿವಿ, ಜೀಪು ಹೊರಟಿತು, ಧೂಳು, ಧೂಳಿನಲ್ಲಿ ಆ ಕಿವಿ, ಮುಂದಿನ ಊರು, ನಮಸ್ಕಾರ, ಅಯ್ಯೋ ರೇಡಿಯೋ ಅಮ್ಮ, ಆ ಕಿವಿ, ಸೆರಗು ಸರಿಸಿ ಒಡ್ಡಿದ ಆ ಕಿವಿ —