ಬೇರಿಯಂ ಸಲ್ಫೇಟಿನ ಮುಂದೆ ಕೆಂಪು ಗುರುತು

ರಸಾಯನಶಾಸ್ತ್ರ ಕಲಿಸಿ ಕಲಿಸಿ ನನಗೆ ಸಾಕಾಗಿದೆ. ಬೋಳಾರದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಒಂದೇ ಕಪ್ಪುಹಲಗೆಯ ಮುಂದೆ ನಿಂತು, ಸೋಡಿಯಂಗೆ ಒಂದು ಧನ, ಕ್ಲೋರಿನ್‌ಗೆ ಒಂದು ಋಣ ಎಂದು ಕೂಗಿ ಗಂಟಲು ಕೆಡಿಸಿಕೊಂಡವಳು ನಾನು. ನಿವೃತ್ತಿಯಾದ ವಾರದಲ್ಲೇ ಹಳೆಯ ಗೈಡುಗಳನ್ನೂ ಕೆಂಪು ಪೆನ್ನುಗಳನ್ನೂ ಮನೆಯಿಂದ ಸಾಗಹಾಕಿದೆ. ಟ್ಯೂಷನ್ ಕೇಳಿಕೊಂಡು ಬಂದವರನ್ನು ಗೇಟಿನಿಂದಲೇ ಕಳಿಸಿದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದು ಸಾಕು ಎಂದು ಯಜಮಾನರಿಗೂ ಹೇಳಿದ್ದೆ.

ಸಾಜಿದಾ ಮಾತ್ರ ಗೇಟು ತೆಗೆದು ಒಳಗೇ ಬಂದಳು. ಹತ್ತೊಂಬತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿಯಾಗಿದ್ದಳಂತೆ. ನನಗೆ ಮುಖ ನೆನಪಿರಲಿಲ್ಲ. ಈಗ ಕಂಕನಾಡಿಯ ಕಡೆ ಒಂದು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಆಯಾ. ಈ ವರ್ಷದೊಳಗೆ ಎಸ್ಸೆಸ್ಸೆಲ್ಸಿ ಪಾಸಾಗದವರನ್ನು ಕೆಲಸದಿಂದ ಬಿಡಿಸುತ್ತಾರೆಂದು ಅಲ್ಲಿ ಹೊಸ ನಿಯಮ ಬಂದಿತ್ತು. ಅವಳು ಖಾಸಗಿಯಾಗಿ ಕಟ್ಟಿ ಉಳಿದೆಲ್ಲ ವಿಷಯ ದಾಟಿಸಿದ್ದಳು. ವಿಜ್ಞಾನದಲ್ಲಿ ಮೂರು ಅಂಕ ಕಡಿಮೆ. ಇನ್ನು ಹನ್ನೆರಡು ದಿನಕ್ಕೆ ವರ್ಷದ ಕೊನೆಯ ಪರೀಕ್ಷೆ. ಅದೂ ಹೋದರೆ ಕೆಲಸವೂ ಹೋಯಿತು. ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು.

ನನ್ನಿಂದ ಆಗುವುದಿಲ್ಲ ಎಂದೆ. ಅವಳು ವಾದ ಮಾಡಲಿಲ್ಲ. ಇಲ್ಲೇ ಜಗಲಿಯಲ್ಲಿ ಕೂತು ಓದಿಕೊಳ್ಳುತ್ತೇನೆ, ಸಂಶಯ ಬಂದರೆ ಮಾತ್ರ ಕೇಳುತ್ತೇನೆ ಎಂದು ಬುರ್ಖಾ ಸರಿಮಾಡಿಕೊಂಡು ಕೂತೇಬಿಟ್ಟಳು. ಯಜಮಾನರು ಒಳಗಿನಿಂದ ಅವಳಿಗೊಂದು ಲೋಟ ಚಾ ತಂದುಕೊಟ್ಟು ನನ್ನ ಮುಖ ನೋಡಿದರು. ಜಗಲಿಯಲ್ಲಿ ಕೂತವಳನ್ನು ಎಬ್ಬಿಸುವ ಶಕ್ತಿಯೂ ನನ್ನಲ್ಲಿ ಇರಲಿಲ್ಲ. ನಾನೂ ಒಂದು ಕುರ್ಚಿ ಎಳೆದುಕೊಂಡೆ.

ದಡ್ಡಿಯೇನಲ್ಲ. ಹೆಸರಿಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆಸ್ಪತ್ರೆಯ ಬಾಟಲಿಗಳನ್ನು ಓದಿ ಓದಿ ಲೋಹದ ಹೆಸರು ಮೊದಲು, ಕ್ಲೋರಿನ್ ಆದರೆ ಕ್ಲೋರೈಡ್, ಆಕ್ಸಿಜನ್ ಆದರೆ ಆಕ್ಸೈಡ್ ಎಂದು ತಡವರಿಸದೆ ಹೇಳುತ್ತಿದ್ದಳು. ಸೂತ್ರ ಬರೆಯುವಾಗ ಈಚೆಯ ವೇಲೆನ್ಸಿ ಆಚೆಗೆ, ಆಚೆಯದು ಈಚೆಗೆ ಹಾಕುವ ಉಪಾಯವೂ ಗೊತ್ತಿತ್ತು. ಅಲ್ಯೂಮಿನಿಯಂ ಆಕ್ಸೈಡ್ Al₂O₃, ಕ್ಯಾಲ್ಸಿಯಂ ಕ್ಲೋರೈಡ್ CaCl₂, ಎಲ್ಲ ಸರಿ. ಎರಡು ಕಡೆಯೂ ಎರಡೆರಡು ಬಂದಾಗ ಮಾತ್ರ ಎಡವುತ್ತಿದ್ದಳು. ಮೆಗ್ನೀಸಿಯಂ ಆಕ್ಸೈಡ್‌ಗೆ Mg₂O₂ ಎಂದು ಬರೆದಳು. ಎರಡು ಧನಕ್ಕೆ ಎರಡು ಋಣ ಸರಿಹೋಯಿತಲ್ಲ, ಒಂದಕ್ಕೆ ಒಂದೇ ಸಾಕು, ಅತಿ ಚಿಕ್ಕ ಅನುಪಾತಕ್ಕೆ ಇಳಿಸಿ MgO ಎಂದು ಬರೆಯಬೇಕು ಎಂದೆ. ತಲೆಯಾಡಿಸಿದಳು. ಮರುದಿನ ಮತ್ತೆ Mg₂O₂. ಸೂತ್ರವೇ ತಪ್ಪಿದ ಮೇಲೆ ಸಮೀಕರಣಗಳೂ ತಪ್ಪುತ್ತಿದ್ದವು. ಆ ಮೂರು ಅಂಕ ಎಲ್ಲಿ ಹೋಯಿತೆಂದು ಹುಡುಕಬೇಕಾಗಿರಲಿಲ್ಲ.

ನಾಲ್ಕನೆಯ ದಿನವೂ ಅದೇ ಆದಾಗ ನನಗೆ ಸಿಟ್ಟು ನೆತ್ತಿಗೇರಿತು.

“ನಿನಗೆ ತಲೆ ಉಂಟಾ ಇಲ್ವಾ?” ಎಂದು ಕೇಳಿದೆ. “ಎಷ್ಟು ಸಲ ಹೇಳುವುದು?”

ಅವಳು ಚೀಲದಿಂದ ಪ್ಲಾಸ್ಟಿಕ್ ಸುತ್ತಿದ ಒಂದು ನೋಟ್‌ಪುಸ್ತಕ ತೆಗೆದಳು. ಎಂದಾದರೂ ಮತ್ತೆ ಪರೀಕ್ಷೆಗೆ ಕೂರುತ್ತೇನೆಂದು ಮದುವೆಯಾಗಿ ಹೋಗುವಾಗ ಬಟ್ಟೆಯ ಜೊತೆ ಕೊಂಡುಹೋದದ್ದಂತೆ. ಪುಟ ತಿರುಗಿಸಿ ನನ್ನ ಮಡಿಲಲ್ಲಿಟ್ಟಳು. Mg₂O₂. Ca₂O₂. Ba₂(SO₄)₂. ಮೂರರ ಮುಂದೆಯೂ ಕೆಂಪು ಶಾಯಿಯಲ್ಲಿ ಸರಿ ಗುರುತು. ಕೆಳಗೆ ‘ಉತ್ತಮ’ ಎಂದು ಬರೆದು ರಮಾದೇವಿ ಎಂದು ಸಹಿ. ಸಹಿ ನನ್ನದೇ.

ತಾರೀಕು ನೋಡಿದ ಕೂಡಲೇ ಗೊತ್ತಾಯಿತು. ಅದರ ಮರುದಿನ ಇನ್‌ಸ್ಪೆಕ್ಷನ್ ಇತ್ತು. ಸಾಹೇಬರು ಪುಸ್ತಕಗಳಲ್ಲಿ ಕೆಂಪು ಶಾಯಿ ಉಂಟೋ ಎಂದು ಮಾತ್ರ ನೋಡುತ್ತಾರೆ, ಓದುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ನಾವೂ ಓದುತ್ತಿರಲಿಲ್ಲ. ಒಬ್ಬರು ಪುಟ ತಿರುಗಿಸುವುದು, ಇನ್ನೊಬ್ಬರು ಗೀಚುತ್ತಾ ಹೋಗುವುದು. ಸಾಲಿಗೊಂದು ಗುರುತು, ಪುಟಕ್ಕೊಂದು ಸಹಿ. ಅರ್ಧ ಗಂಟೆಯಲ್ಲಿ ಒಂದು ಕ್ಲಾಸು ಮುಗಿಯುತ್ತಿತ್ತು. ನಾನು ಅದರಲ್ಲಿ ಎಲ್ಲರಿಗಿಂತ ಚುರುಕು ಎಂದು ಹೆಸರು ಪಡೆದಿದ್ದೆ.

ಸಾಜಿದಾ ಬೇರಿಯಂ ಸಲ್ಫೇಟಿನ ಸಾಲಿನ ಮೇಲೆ ಬೆರಳಿಟ್ಟಳು. ಅವರ ವಿಭಾಗದಲ್ಲಿ ಹೊಟ್ಟೆಯ ಎಕ್ಸ್‌ರೇಗೆ ಮೊದಲು ರೋಗಿಗಳಿಗೆ ಕುಡಿಸುವ ಬಿಳಿ ಪುಡಿ ಅದೇ. ಏಳು ವರ್ಷದಿಂದ ಆ ಡಬ್ಬಿ ಒರೆಸಿಡುವವಳು ಇವಳು.

“ಡಬ್ಬಿಯಲ್ಲಿ ಬರೀ BaSO₄ ಅಂತ ಉಂಟು ಟೀಚರ್,” ಎಂದಳು. “ನಾನು ದಿನಾ ನೋಡ್ತೇನೆ. ಕಂಪೆನಿಯವರು ತಪ್ಪು ಪ್ರಿಂಟ್ ಮಾಡಿದ್ದಾರೆ ಅಂತ ಗ್ರಹಿಸಿದ್ದೆ. ನೀವು ಸರಿ ಹಾಕಿದ್ರಿ ಅಲ್ವಾ.”

ಡಬ್ಬಿಯಲ್ಲಿ ಇರುವುದೇ ಸರಿ, ಈ ಪುಸ್ತಕವನ್ನು ನಾನು ಓದಿಯೇ ಇರಲಿಲ್ಲ ಎಂದು ಹೇಳಿದೆ. ಇನ್‌ಸ್ಪೆಕ್ಷನ್ನಿನ ಕಥೆಯನ್ನೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು.

“ಹಾಗಾದ್ರೆ ನನಗೆ ತಲೆ ಇಲ್ಲದ್ದಲ್ಲ ಅಲ್ವಾ ಟೀಚರ್?” ಎಂದು ಕೇಳಿದಳು. “ಇಷ್ಟು ವರ್ಷ ನಾನು ದಡ್ಡಿ ಅಂತಲೇ ಗ್ರಹಿಸಿದ್ದೆ.”

ಅಲ್ಲ ಎಂದೆ. ಎರಡು ಸಲ ಹೇಳಿದೆ.

ಮನೆಯಲ್ಲಿ ಕೆಂಪು ಪೆನ್ನು ಒಂದೂ ಇರಲಿಲ್ಲ. ಅವಳ ಚೀಲದಲ್ಲಿದ್ದ ನೀಲಿ ಪೆನ್ನಿನಿಂದಲೇ ನನ್ನ ಮೂರು ಗುರುತುಗಳನ್ನೂ ಹೊಡೆದುಹಾಕಿ, ಪಕ್ಕದಲ್ಲಿ MgO, CaO, BaSO₄ ಎಂದು ಬರೆದು, ಅಂದಿನ ತಾರೀಕು ಹಾಕಿ ಸಹಿ ಮಾಡಿದೆ. ಆಮೇಲೆ ಇಡೀ ಪುಸ್ತಕವನ್ನು ಮೊದಲ ಪುಟದಿಂದ ಓದಿದೆ. ಇನ್ನೂ ಹನ್ನೊಂದು ತಪ್ಪು ಸಿಕ್ಕಿತು. ಮರುದಿನದಿಂದ ಅವಳು Mg₂O₂ ಬರೆಯಲಿಲ್ಲ.

ಫಲಿತಾಂಶದ ದಿನ ಡ್ಯೂಟಿ ಮುಗಿಸಿ ನೇರ ನಮ್ಮಲ್ಲಿಗೆ ಬಂದಳು. ಪಾಸು, ವಿಜ್ಞಾನದಲ್ಲಿ ಬೇಕಾದದ್ದಕ್ಕಿಂತ ಐದು ಅಂಕ ಹೆಚ್ಚು. ಯಜಮಾನರು ಮತ್ತೆ ಚಾ ಮಾಡಿದರು. ಹೊರಡುವಾಗ ಆ ನೋಟ್‌ಪುಸ್ತಕವನ್ನು ನನ್ನ ಕೈಗಿತ್ತು, ಇನ್ನು ಇದು ನನಗೆ ಬೇಡ, ನೀವೇ ಇಟ್ಟುಕೊಳ್ಳಿ ಎಂದಳು. ಕುಹಕವಿರಲಿಲ್ಲ, ಹಗುರವಾಗಿಯೇ ಹೇಳಿದಳು.

ಪುಸ್ತಕ ಈಗ ನನ್ನ ಕಪಾಟಿನಲ್ಲಿದೆ. ಇನ್‌ಸ್ಪೆಕ್ಷನ್ನಿನ ಮುನ್ನಾದಿನ ಸ್ಟಾಫ್ ರೂಮಿನ ಮೇಜಿನ ಮೇಲೆ ಅಂಥವು ನಲವತ್ತೆಂಟಿದ್ದವು. ಗೇಟಿನ ಸದ್ದಾದರೆ ಈಗ ನಾನೇ ಎದ್ದು ಹೋಗಿ ತೆಗೆಯುತ್ತೇನೆ.