ತೊಳೆದ ಚಹಾಪಾತ್ರೆ

ವಿನಿಫ್ರೆಡ್ ಟ್ಯಾಪ್ಸೆಲ್ ಮೊಣಕೈವರೆಗೆ ಕೈಯಿಳಿಸಿ ಪಾತ್ರೆಯ ತಳ ಸವರಿದಳು. ನುಣ್ಣಗಿತ್ತು. ಕೈ ಹೊರಗೆಳೆದು ಬೆರಳು ಮೂಸಿದಳು. ವಿನೆಗರ್. ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ಇಣುಕಿದಳು. ಒಳಗೆಲ್ಲ ಬಿಳಿ, ಆಸ್ಪತ್ರೆಯ ಗೋಡೆಯಂಥ ಬಿಳಿ.

"ಯಾರು?" ಎಂದಳು.

ಮೂರು ವಾರದ ಹಿಂದೆ ಫ್ರಾನ್ಸಿನ ಡಿಯೆಪ್‌ನಿಂದ ವರ್ಗವಾಗಿ ಬಂದಿದ್ದ ಅಡುಗೆಯವನು ಆನ್ಸೆಲ್ಮ್ ವಸ್ಸೆಲ್ ಬಾಗಿಲಲ್ಲೇ ನಿಂತಿದ್ದ. ಹೊಗಳಿಕೆ ಇನ್ನೇನು ಬಂತು ಎಂದು ಮೀಸೆ ತಿರುವಿ ಸಿದ್ಧನಾಗಿದ್ದ.

"ನಾನೇ ಮದಾಮ್! ನೀವು ಹಲ್ಲು ಕೀಳಿಸೋಕೆ ಅಂತ ಎರಡು ದಿನ ಹೋಗಿದ್ರಲ್ಲ, ಬಂದಾಗ ಖುಷಿಯಾಗ್ಲಿ ಅಂತ. ಸೋಡಾ, ವಿನೆಗರ್, ನುಣ್ಣನೆ ಮರಳು. ಮೂರು ಗಂಟೆ ಉಜ್ಜಿದೀನಿ. ಅಬ್ಬಾ, ಏನು ಕಿಟ್ಟ! ಪಾಪ, ನಿಮಗೂ ಪುರುಸೊತ್ತು ಸಿಕ್ಕಿಲ್ಲ."

"ಹನ್ನೊಂದು ವರ್ಷ," ಎಂದಳು ವಿನಿಫ್ರೆಡ್.

"ಹೌದಾ? ನಾನು ಆರೇಳು ಇರಬಹುದು ಅಂದ್ಕೊಂಡೆ."

ಅವಳು ಕೂತಳು. ಹಲ್ಲು ಕಿತ್ತ ಜಾಗ ಒಮ್ಮೆಲೇ ಮಿಡಿಯತೊಡಗಿತು.

ಇಂಗ್ಲೆಂಡಿನ ಸಾಲ್ಟಮ್ ಬಂದರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಚಹಾಪಾತ್ರೆಗೆ ಸೋಪು ತಾಗಿಸಬಾರದು. ಬಿಸಿನೀರಲ್ಲಿ ಅಲ್ಲಾಡಿಸಿ ಬೋರಲು ಹಾಕಬೇಕು, ಅಷ್ಟೇ. 1940ರಲ್ಲಿ ಯುದ್ಧದಲ್ಲಿ ಸೋತು ಫ್ರಾನ್ಸಿನ ಡನ್‌ಕರ್ಕ್‌ನಿಂದ ತೊಯ್ದು ಬಂದ ಸೈನಿಕರಿಗೆ ಇದೇ ಬಂದರುಕಟ್ಟೆಯ ಮೇಲೆ ವಿನಿಫ್ರೆಡ್ ಮೊದಲ ಸಲ ಈ ಪಾತ್ರೆಯಿಂದ ಚಹಾ ಬಗ್ಗಿಸಿದ್ದಳು. ಅಂದಿನಿಂದ ಅದರೊಳಗೆ ಪದರದ ಮೇಲೆ ಪದರ ಕೂತಿತ್ತು. ಪಡಿತರದ ಬಡಕಲು ಪುಡಿ ಹಾಕಿದರೂ ಆ ಕಪ್ಪು ಗೋಡೆ ತನ್ನ ಪಾಲಿನ ರುಚಿ ಸೇರಿಸುತ್ತಿತ್ತು.

ಅದೇ ವರ್ಷ ಬ್ರಿಟನ್ನೂ ಫ್ರಾನ್ಸೂ ಅವಸರದಲ್ಲಿ ಒಂದೇ ದೇಶವಾಗಿದ್ದವು. ಯುದ್ಧ ಮುಗಿದ ಮೇಲೆ ಬೇರೆಯಾಗಲು ಯಾರಿಗೂ ನೆನಪಾಗಲಿಲ್ಲ. ಮದುವೆ ದೊಡ್ಡವರ ಮಟ್ಟದಲ್ಲಿ ನಡೆದುಹೋಯಿತು; ಅಡುಗೆಮನೆ ಯಾರದು ಎಂದು ಮಾತ್ರ ಯಾರೂ ಕೇಳಲಿಲ್ಲ. ಸಾಲ್ಟಮ್‌ನ ಸುಂಕದ ಕಚೇರಿಗೆ ಸುಂಕವೇ ಇಲ್ಲವಾಯಿತು. ಹದಿನಾಲ್ಕು ಅಧಿಕಾರಿಗಳು ಬೆಳಗಿನ ಹತ್ತೂಕಾಲರ ಚಹಾಕ್ಕೂ ಮಧ್ಯಾಹ್ನ ಮೂರೂಕಾಲರ ಚಹಾಕ್ಕೂ ನಡುವೆ ಸಮುದ್ರ ನೋಡುತ್ತ ಕೂರುತ್ತಿದ್ದರು. ಈಗ ಒಕ್ಕೂಟದಿಂದ ಹೊಸ ಆಜ್ಞೆ ಬಂದಿತ್ತು: ಒಂದು ಬಂದರಿಗೆ ಒಂದೇ ಅಡುಗೆಮನೆ. ವಿನಿಫ್ರೆಡ್‌ಳ ಚಹಾ ಕೋಣೆ ಉಳಿಯಬೇಕೋ, ಆನ್ಸೆಲ್ಮನ ಒಲೆ ಉಳಿಯಬೇಕೋ ಎಂದು ತೀರ್ಮಾನಿಸಲು ಶುಕ್ರವಾರ ಪರಿವೀಕ್ಷಕರು ಬರುವವರಿದ್ದರು. ಇವತ್ತು ಮಂಗಳವಾರ.

ಮೇಲಧಿಕಾರಿ ಡ್ಯೂಡ್ನಿ ಸುದ್ದಿ ಕೇಳಿ ಓಡಿಬಂದ. ಹಿಂದೆಯೇ ಉಳಿದವರೆಲ್ಲ ಬಂದರು. ಹನ್ನೊಂದು ವರ್ಷದಲ್ಲಿ ಆ ಕಚೇರಿ ಅಷ್ಟು ಚುರುಕಾದದ್ದು ಅದೇ ಮೊದಲು.

"ಗಾಬರಿ ಬೇಡಿ ಮಿಸೆಸ್ ಟ್ಯಾಪ್ಸೆಲ್. ಒಂದು ಸಲ ಮಾಡಿ ನೋಡೋಣ," ಎಂದ ಡ್ಯೂಡ್ನಿ.

ಮಾಡಿದಳು. ಎಲ್ಲರಿಗಿಂತ ಹಿರಿಯನಾದ ಪರ್ಸಿ ಹೋಡ್ ಒಂದು ಗುಟುಕು ಕುಡಿದು ಬಟ್ಟಲನ್ನು ತಟ್ಟೆಗೆ ಇಳಿಸಿದ.

"ಹೇಳಿಬಿಡು ಪರ್ಸಿ," ಎಂದಳು ವಿನಿಫ್ರೆಡ್.

"ಇದು ಟೀ ಅಲ್ಲ ವಿನ್ನಿ. ಟೀ ಈ ಕಡೆ ಬಂದಿತ್ತಂತೆ ಅನ್ನೋ ಗಾಳಿಸುದ್ದಿ."

ಆನ್ಸೆಲ್ಮ್ ಕುಡಿದು ನೋಡಿ, "ಮೊದಲಿಗಿಂತ ಎಷ್ಟೋ ವಾಸಿ," ಎಂದ. ಇಬ್ಬರು ಅವನ ತೋಳು ಹಿಡಿದು ಹೊರಗೆ ನಡೆಸಿಕೊಂಡು ಹೋದರು.

ಆಮೇಲೆ ಸಭೆ ಸೇರಿತು. ಮೂರು ದಿನದಲ್ಲಿ ಹನ್ನೊಂದು ವರ್ಷದ ಕೆಲಸ ಮಾಡಬೇಕು. ಪ್ರತಿಯೊಬ್ಬನೂ ಮನೆಯಿಂದ ವಾರದ ಪಡಿತರದ ಪುಡಿ ಪೊಟ್ಟಣ ಕಟ್ಟಿ ತಂದ. ಡ್ಯೂಡ್ನಿಯ ಹೆಂಡತಿ ಕೊಡಲೊಪ್ಪದೆ, ಅವನು ಅದನ್ನು ಟೋಪಿಯೊಳಗೆ ಕದ್ದು ತಂದನಂತೆ. ಕಡುಚಹಾ ಕಾಯಿಸುವುದು, ಪಾತ್ರೆಗೆ ಸುರಿಯುವುದು, ಆರಲು ಬಿಡುವುದು, ಚೆಲ್ಲುವುದು, ಮತ್ತೆ ಸುರಿಯುವುದು. ಸರದಿ ಪಟ್ಟಿ ಗೋಡೆಗೇರಿತು.

ಬುಧವಾರ ಸಂಜೆ ಪರ್ಸಿ ಟಾರ್ಚು ಬಿಟ್ಟು ನೋಡಿದ.

"ಏನಾದ್ರೂ ಹಿಡಿದಿದ್ಯಾ?" ಎಂದ ಹಿಂದೆ ನಿಂತಿದ್ದ ಒಬ್ಬ.

"ಮರಳಿನ ಬಣ್ಣ ಬಂದಿದೆ."

"ನನ್ನ ಕಣ್ಣಿಗೆ ಕಾಣ್ತಾ ಇಲ್ವಲ್ಲೋ."

"ನಿನಗೆ ನಂಬಿಕೆ ಇಲ್ಲ, ಅದಕ್ಕೇ."

ಗುರುವಾರ ಬೆಳಿಗ್ಗೆ ವಿನಿಫ್ರೆಡ್ ಸೋಡಾ ಡಬ್ಬಿ ಹಿಡಿದು ಆನ್ಸೆಲ್ಮನ ಒಲೆಯತ್ತ ನಡೆದಳು. ಅಲ್ಲಿ ಗೂಟದಲ್ಲಿ ಒಂದು ಕಬ್ಬಿಣದ ಬಾಣಲೆ ತೂಗುತ್ತಿತ್ತು. ಅವನಮ್ಮನದು, ಅದರಲ್ಲಿ ಮೊಟ್ಟೆ ಬಿಟ್ಟು ಬೇರೇನೂ ಹಾಕುವುದಿಲ್ಲ ಎಂದು ಬಂದ ದಿನವೇ ಎಲ್ಲರಿಗೂ ಸಾರಿದ್ದ. ಅದರ ಮೈ ಎಣ್ಣೆ ಕುಡಿದು ಕುಡಿದು ಕಾಗೆಯ ರೆಕ್ಕೆಯಂತೆ ಹೊಳೆಯುತ್ತಿತ್ತು. ಅವಳು ಬಾಣಲೆಯನ್ನು ಇಳಿಸಿ ತೊಟ್ಟಿಯಲ್ಲಿಟ್ಟು ನಲ್ಲಿ ತಿರುಗಿಸಲು ಕೈ ಹಾಕಿದಳು.

"ಮದಾಮ್! ಏನು ಮಾಡ್ತಿದೀರಿ?"

"ತೊಳೆದುಕೊಡ್ತೀನಿ ಕಣಯ್ಯಾ. ಎಷ್ಟು ಕಪ್ಪಾಗಿದೆ ನೋಡು. ಪಾಪ, ನಿಮ್ಮಮ್ಮನಿಗೂ ಪುರುಸೊತ್ತು ಸಿಕ್ಕಿಲ್ಲ."

"ಬೇಡ! ಅದಕ್ಕೆ ಸೋಪು ತಾಗಿಸಬಾರ್ದು! ಬರೀ ಬಟ್ಟೆಲಿ ಒರೆಸಬೇಕು! ಅದು ಕೊಳೆ ಅಲ್ಲ ಮದಾಮ್, ನಲವತ್ತು ವರ್ಷದ..."

ಅವನ ಮಾತು ಅಲ್ಲೇ ನಿಂತಿತು. ಸೋಡಾ ಡಬ್ಬಿ ನೋಡಿದ. ಬಾಣಲೆ ನೋಡಿದ. ಮೀಸೆಯ ಒಂದು ತುದಿ ಮೆಲ್ಲಗೆ ಕೆಳಗಿಳಿಯಿತು, ಆಮೇಲೆ ಇನ್ನೊಂದು.

"ಅಯ್ಯೋ ದೇವರೇ," ಎಂದ.

"ಹೂಂ," ಎಂದಳು ವಿನಿಫ್ರೆಡ್.

ನಲ್ಲಿಯಿಂದ ಕೈ ತೆಗೆದಳು. ಡಬ್ಬಿಗೆ ಮುಚ್ಚಳ ಹಾಕಿ ಹೊರಟುಹೋದಳು. ಅರ್ಧ ಗಂಟೆಯಲ್ಲಿ ಆನ್ಸೆಲ್ಮ್ ಚಹಾ ಕೋಣೆಗೆ ಬಂದು ಒಂದು ಪೊಟ್ಟಣ ಮೇಜಿನ ಮೇಲಿಟ್ಟ. ಮೂರು ವಾರದ ಪಡಿತರ, ಅವನು ಮುಟ್ಟಿರಲಿಲ್ಲ. ಸರದಿ ಪಟ್ಟಿಯ ಕೊನೆಯಲ್ಲಿ ತನ್ನ ಹೆಸರು ಬರೆದು, ತೋಳು ಮಡಿಸಿ ಪಾತ್ರೆಯ ಪಕ್ಕ ನಿಂತ. ಯಾರೂ ಅವನ ತೋಳು ಹಿಡಿಯಲಿಲ್ಲ. ಸಂಜೆಯ ಹೊತ್ತಿಗೆ ಪರ್ಸಿಯೇ ಅವನಿಗೆ ಸೌಟು ತಿರುಗಿಸುವುದು ಕಲಿಸುತ್ತಿದ್ದ. "ಹಾಗಲ್ಲ ಮಾರಾಯ, ಅದೇನು ನಿನ್ನ ಸಾರಾ? ಗೋಡೆಗೆ ತಾಗಿಸು, ಗೋಡೆಗೆ."

ಶುಕ್ರವಾರ ಬೆಳಿಗ್ಗೆ ಪಾತ್ರೆಯ ತಳದಲ್ಲಿ ಬೊಗಸೆಯಗಲ ಒಂದು ಕಲೆ ಕೂತಿತ್ತು. ತಿಳಿ ಕಂದು. ಹದಿನೈದು ಗಂಡಸರು ಸಾಲಾಗಿ ಬಂದು ತೊಟ್ಟಿಲಲ್ಲಿ ಇಣುಕುವವರಂತೆ ನೋಡಿ ಹೋದರು.

ಪರಿವೀಕ್ಷಕರು ಇಬ್ಬರು. ಒಕ್ಕೂಟದಲ್ಲಿ ಪ್ರತಿ ಹುದ್ದೆಗೂ ಇಬ್ಬರೇ, ದಡಕ್ಕೊಬ್ಬರಂತೆ. ಕಾರಿನಲ್ಲೂ ಇಬ್ಬರಿಗೂ ಮುಂದಿನ ಸೀಟೇ ಬೇಕು, ಯಾವುದಕ್ಕೂ ಒಮ್ಮತವಿಲ್ಲ. ಇಂಗ್ಲೆಂಡಿನವನು ಎಂಬ್ಲಿನ್ ಬಂದವನೇ ಆಮ್ಲೆಟ್ ಕೇಳಿದ. ಫ್ರಾನ್ಸಿನವನು ಸೊಲಿಯಾಕ್ ಚಹಾ ಕೇಳಿದ.

ವಿನಿಫ್ರೆಡ್ ಬಗ್ಗಿಸಿದಳು. ಸೊಲಿಯಾಕ್ ಗುಟುಕರಿಸಿದ, ಕಣ್ಣು ಮುಚ್ಚಿದ. ಬಾಗಿಲಲ್ಲಿ ನಿಂತ ಆನ್ಸೆಲ್ಮ್ ತನ್ನ ಟೋಪಿ ಹಿಂಡುತ್ತಿದ್ದ.

"ಮದಾಮ್, ಯುದ್ಧ ಮುಗಿದಾಗಿಂದ ನಾನು ಈ ದಡದಲ್ಲಿ ಟೀ ಕುಡೀತಾ ಇದೀನಿ. ಗಂಟಲಲ್ಲಿ ಇಳಿದಿದ್ದು ಇದೇ ಮೊದಲು. ಏನೂ ರುಚಿ ಇಲ್ಲ. ಅದ್ಭುತ!"

"ಹೌದು ಹೌದು, ಹಗುರಾಗಿದೆ," ಎಂದ ಎಂಬ್ಲಿನ್, ಆನ್ಸೆಲ್ಮ್ ಮಾಡಿಕೊಟ್ಟ ಆಮ್ಲೆಟ್ ನುಂಗುತ್ತ. "ಹೋದ ವರ್ಷದ ವರದಿಯಲ್ಲಿ ಈ ಪಾತ್ರೆನ ಕಲ್ಲಿದ್ದಲ ಗಣಿ ಅಂತ ಬರೆದಿದ್ರು. ಎಷ್ಟು ಬದಲಾವಣೆ! ಯಾರು ತೊಳೆದಿದ್ದು?"

ಉತ್ತರಕ್ಕೂ ಅವನು ಕಾಯಲಿಲ್ಲ. ಪರಿವೀಕ್ಷಕರು ಕಿಟಕಿಯ ಬಳಿ ಹೋಗಿ ಗುಸುಗುಸು ಮಾತಾಡಿಕೊಂಡರು. ಅಷ್ಟು ಬೇಗ ಆ ಇಬ್ಬರು ಒಮ್ಮತಕ್ಕೆ ಬಂದದ್ದನ್ನು ಡ್ಯೂಡ್ನಿ ಕಂಡಿರಲಿಲ್ಲ. ಎಂಬ್ಲಿನ್ ಕಾಗದ ತೆಗೆದ.

"ಮಿಸೆಸ್ ಟ್ಯಾಪ್ಸೆಲ್, ಚಹಾ ಕೋಣೆ ನಿಮಗೇ. ನಿವೃತ್ತಿವರೆಗೂ. ಆ ಒಲೆ ಮುಚ್ಚುತ್ತೆ, ಈತ ಡಿಯೆಪ್‌ಗೆ ವಾಪಸ್. ಒಕ್ಕೂಟದ ಎಲ್ಲಾ ಬಂದರುಗಳಿಗೂ ನಿಮ್ಮ ಪದ್ಧತಿನೇ ಮಾದರಿ. ಒಂದು ಪದಕನೂ ಉಂಟು. ಇಲ್ಲಿ ಸಹಿ ಹಾಕಿ, ದಿನಾ ಪಾತ್ರೆ ಹೀಗೇ ಉಜ್ಜಿ ತೊಳೀತೀನಿ ಅಂತ."

ಪರ್ಸಿ ಉಸಿರು ಬಿಟ್ಟ. ಡ್ಯೂಡ್ನಿ ಪೆನ್ನು ಮುಂದೆ ಚಾಚಿದ. ವಿನಿಫ್ರೆಡ್‌ಳ ಬೆರಳು ಅದನ್ನು ಹಿಡಿಯಿತು ಕೂಡ. ಅಷ್ಟರಲ್ಲಿ ಆಚೆ ತನ್ನ ಒಲೆಯ ಬಳಿ ಆನ್ಸೆಲ್ಮ್ ಬಾಣಲೆಯನ್ನು ಗೂಟದಿಂದ ಇಳಿಸಿ, ಬಟ್ಟೆಯಿಂದ ಮೆಲ್ಲಗೆ ಒರೆಸತೊಡಗಿದ್ದ.

ಸೊಲಿಯಾಕ್ ಬರಿದಾದ ಪಾತ್ರೆಯನ್ನು ಕೈಗೆತ್ತಿಕೊಂಡು ಒಳಗೆ ಇಣುಕಿ, ತಳಕ್ಕೆ ಬೆರಳು ತೋರಿಸಿದ.

"ಇದೊಂದು ಕಲೆ ಉಳಿದಿದೆ ಮದಾಮ್. ಇದನ್ನೂ ಉಜ್ಜಿಬಿಡಿ, ಮುಗೀತು."

ವಿನಿಫ್ರೆಡ್ ಪೆನ್ನಿಗೆ ಮುಚ್ಚಳ ಹಾಕಿ ಡ್ಯೂಡ್ನಿಯ ಜೇಬಿಗೆ ಸಿಕ್ಕಿಸಿದಳು. ಪಾತ್ರೆಯನ್ನು ಸೊಲಿಯಾಕ್‌ನ ಕೈಯಿಂದ ತೆಗೆದುಕೊಂಡು ಎದೆಗವಚಿದಳು.

"ಆಗಲ್ಲ," ಎಂದಳು.